ಸೊನ್ನೆ ಗೆರೆ ಮತ್ತು ಕುರಿಯ ಹೆಜ್ಜೆ

"ಬಾಯಾರ, ಒಂದ ಮಾತಿನ್ಯಾಗ ಹೇಳ್ರಿ. ಈ ಊರು ಹಸಿ ಐತೋ, ಒಣಾ ಐತೋ?"

ಸಾಹೇಬರು ಹೀಗೆ ಕೇಳಿದಾಗ ಅವರ ಕಚೇರಿಯ ಕಿಟಕಿಯಾಚೆ ಬೆಳಗಾವಿಯ ಜಿಟಿಜಿಟಿ ಹಿಡಿದಿತ್ತು. ನಮ್ಮೂರಿನ ಶ್ರಾವಣದ ಮಳೆ ಬೀಳುವುದಿಲ್ಲ, ಗಾಳಿಯೊಳಗೆ ಸುಮ್ಮನೆ ನಿಂತಿರುತ್ತದೆ. ಛತ್ರಿ ಬಿಚ್ಚಿದರೆ ಬಾಜೂದಿಂದ ಬಂದು ತೋಯಿಸುತ್ತದೆ. ನಾನು ಅದನ್ನೇ ನೋಡುತ್ತ ಕೂತುಬಿಟ್ಟೆ. ನನ್ನ ಸ್ವಭಾವವೇ ಅಷ್ಟು, ಯಾರಾದರೂ ನೆಟ್ಟಗೆ ಪ್ರಶ್ನೆ ಕೇಳಿದರೆ ಮನಸ್ಸು ಕಿಟಕಿ ಹಾರಿ ಹೋಗುತ್ತದೆ. ವಾಪಸ್ ಬರುವಾಗ ಸಿಟ್ಟು ತಗೊಂಡು ಬರುತ್ತದೆ.

"ಒಂದ ಮಾತಿನ್ಯಾಗ ಹೇಳೂವಂಗಿದ್ರ ನನ್ನ ಯಾಕ ಕರಸ್ತಿದ್ರಿ ಸಾಹೇಬ್ರ?" ಅಂದೆ. ಅವರು ನಕ್ಕು ಚಹಾ ತರಿಸಿದರು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಕಾಲೇಜೊಂದರಲ್ಲಿ ಭೂಗೋಳ ಕಲಿಸುವ ಬಾಯಿ, ಅಂದರೆ ಮೇಡಂ. ಸಾಹೇಬರದು ಗಿಡ ಹಚ್ಚುವ, ಅಂದರೆ ನೆಡುವ ಕೆಲಸದ ಕಚೇರಿ. ಬೆಳಗಾವಿಯಿಂದ ಖಾನಾಪುರದವರೆಗಿನ ಖಾಲಿ ನೆಲದಲ್ಲಿ ನೀಲಗಿರಿ ಹಚ್ಚುವ ಯೋಜನೆ ಅವರ ಕೈಗೆ ಬಂದಿತ್ತು, ಆದರೆ ಹಸಿ ಹವೆ ಇದ್ದಲ್ಲಿ ಮಾತ್ರ. ಎಲ್ಲಿಯವರೆಗೆ ಹಸಿ, ಎಲ್ಲಿಂದ ಒಣ ಎಂದು ಲೆಕ್ಕ ಹಾಕಿ ನಕಾಶೆಯ ಮೇಲೆ ನಾನು ಒಂದು ಗೆರೆ ಎಳೆದುಕೊಡಬೇಕು. ಗೆರೆಯ ಪಡುವಣಕ್ಕೆ ನೀಲಗಿರಿ, ಮೂಡಣಕ್ಕೆ ಇದ್ದದ್ದು ಇದ್ದಂತೆ.

ಅವರು ಮೇಜಿನ ಮೇಲೆ ನಕಾಶೆ ಹಾಸಿದರು. ನನ್ನ ಕಣ್ಣು ಹೋದದ್ದು ಒಂದೇ ಕಡೆ. ಕ್ಯಾಂಪ್, ಅಂದರೆ ಊರಿನ ದಂಡಿನ ಪ್ರದೇಶ, ದಾಟಿ ಖಾನಾಪುರ ರಸ್ತೆ ಹಿಡಿದರೆ ಎಡಕ್ಕೆ ನಮ್ಮ ಹಳ್ಳಿ, ಅದರ ಬೆನ್ನಿಗೆ ಗಾಯರಾಣ, ಅಂದರೆ ಊರೊಟ್ಟಿನ ಮೇವಿನ ನೆಲ. ನಮ್ಮದು ಕುರಿ ಕಾಯುವ ಮನೆತನ. ಅಪ್ಪನ ನಂತರ ಅಣ್ಣನ ಹಿಂಡು ಅಲ್ಲೇ ಮೇಯುತ್ತಿತ್ತು. ಅದು ಗೆರೆಯ ಹಸಿ ಬಾಜೂಕ್ಕೆ ಬಿದ್ದರೆ ನೀಲಗಿರಿ ಏಳುತ್ತದೆ, ಅಣ್ಣನ ಹಿಂಡು ಹೋಗುತ್ತದೆ. ಹಿಂಡು ಹೋದರೆ ಅಣ್ಣ ಏನು ಮಾಡಿಯಾನು? ಅವನಿಗೆ ಬೇರೆ ಏನೂ ಬರುವುದಿಲ್ಲ, ಬೇರೆ ಏನೂ ಬೇಕಾಗಿಯೂ ಇಲ್ಲ.

"ಸಾಹೇಬ್ರ, ಇದರಾಗ ನಮ್ಮಣ್ಣನ ಕುರಿ ಮೇಯೂ ಜಾಗಾ ಬರತೈತಿ. ಬ್ಯಾರೆ ಯಾರಿಗಾರ ಕೊಡ್ರಿ ಈ ಕೆಲಸ."

"ಬ್ಯಾರೆ ಯಾರದಾರ್ರಿ ಈ ಊರಾಗ ಹವಾ ಅಳತಿ ಮಾಡೋರು? ನೀವ ಹೇಳಿದ್ರಲ್ಲ ಖರೇ ಮಾತು, ಅಷ್ಟ ಸಾಕು. ನೀವ ಮಾಡ್ರಿ."

ನನ್ನ ಮೇಲೆ ಅಷ್ಟು ವಿಶ್ವಾಸ ಇಟ್ಟವರನ್ನು ಬೈಯುವುದಕ್ಕೂ ಬರುವುದಿಲ್ಲ. ನಕಾಶೆ ಸುತ್ತಿಕೊಂಡು ಮನೆಗೆ ಬಂದೆ.

ಕೆಲಸದ ಬಗೆ ಹೇಳುತ್ತೇನೆ, ಬ್ಯಾಸರ ಮಾಡಿಕೊಳ್ಳಬೇಡಿ. ಒಂದು ಕಡೆ ಮಳೆ, ಆಕಾಶ ಕೊಟ್ಟದ್ದು. ಇನ್ನೊಂದು ಕಡೆ ಬಿಸಿಲಿನ ಬಾಯಾರಿಕೆ. ನೆಲದಲ್ಲಿ ನೀರು ಬೇಕಾದಷ್ಟು ಇದ್ದರೆ ಬಿಸಿಲು, ಹುಲ್ಲು, ಗಿಡ ಕೂಡಿ ಎಷ್ಟನ್ನು ಮೇಲಕ್ಕೆ ಎಳೆದುಕೊಂಡಾವು ಎನ್ನುವ ಅಂದಾಜು ಅದು. ತಿಂಗಳ ಸರಾಸರಿ ಉಷ್ಣತೆಯಿಂದ, ಹಗಲಿನ ಉದ್ದದಿಂದ ಅದನ್ನು ತೆಗೆಯಬೇಕು. ಎರಡರ ನಡುವೆ ಮಣ್ಣು. ಮಳೆ ಹೆಚ್ಚಾದ ತಿಂಗಳಲ್ಲಿ ಮಣ್ಣು ಮೊದಲು ತನ್ನ ಹೊಟ್ಟೆ ತುಂಬಿಸಿಕೊಳ್ಳುತ್ತದೆ, ಮಿಕ್ಕದ್ದು ಹಳ್ಳ ಹಿಡಿಯುತ್ತದೆ. ಅದು ಹೆಚ್ಚಳ. ಮಳೆ ನಿಂತ ಮೇಲೆ ಮಣ್ಣು ಇಟ್ಟುಕೊಂಡದ್ದನ್ನು ಚೂರುಚೂರೇ ಬಿಡುತ್ತದೆ. ಆದರೂ ಸಾಲದೇ ಹೋದದ್ದು ಕೊರತೆ. ವರ್ಷದ ಹೆಚ್ಚಳದಲ್ಲಿ ಕೊರತೆ ಕಳೆದು, ವರ್ಷದ ಬಾಯಾರಿಕೆಯಿಂದ ಭಾಗಿಸಿ, ನೂರರಿಂದ ಗುಣಿಸಿದರೆ ಬರುವ ಅಂಕಿಯೇ ಊರಿನ ಹವೆಯ ಗುರುತು. ಸೊನ್ನೆಗಿಂತ ಮೇಲೆ ಬಂದರೆ ಹಸಿ, ಕೆಳಗೆ ಬಂದರೆ ಒಣ. ಸೊನ್ನೆ ಬರುವ ಜಾಗಗಳನ್ನೆಲ್ಲ ಕೂಡಿಸಿದರೆ ಸಾಹೇಬರಿಗೆ ಬೇಕಾದ ಗೆರೆ ಸಿಗುತ್ತದೆ.

ಸೊನ್ನೆ ಗೆರೆ! ಆ ಮಾತು ನನ್ನ ತಲೆ ಕೆಡಿಸಿತು. ಆಕಾಶ ಕೊಟ್ಟದ್ದೂ ಬಿಸಿಲು ಕೇಳಿದ್ದೂ ಸರಿಸಮ ಆಗುವ ಜಾಗ. ಪಡುವಣಕ್ಕೆ ಖಾನಾಪುರದ ದಟ್ಟ ಮಳೆ, ಮೂಡಣಕ್ಕೆ ಬೆಳವಲದ ಒಣ ಗಾಳಿ. ಈ ಎರಡರ ನಡುವೆ ಅದು ಬೆಳಗಾವಿಯ ಮೈಮೇಲೆಯೇ ಎಲ್ಲೋ ಹಾದುಹೋಗಬೇಕು. ಕಾಲೇಜಿಗೆ ನಡೆದು ಹೋಗುವಾಗ ಈ ಗಟಾರದ ಮೇಲೆ ಇದ್ದೀತೇ, ಈ ಭಾಜಿ ಮಾರುವವಳ ಬುಟ್ಟಿ ಕೆಳಗೆ ಇದ್ದೀತೇ ಎಂದುಕೊಳ್ಳುತ್ತ ಕಾಲು ಎತ್ತೆತ್ತಿ ಇಡುತ್ತಿದ್ದೆ. "ಬಾಯಾರು ಏನ ದಾಟಾಕತ್ತಾರ ನೋಡ" ಎಂದು ಹುಡುಗಿಯರು ಹಿಂದಿನಿಂದ ನಗುತ್ತಿದ್ದರು.

ಮಣ್ಣಿನ ಹೊಟ್ಟೆ ಎಷ್ಟು ದೊಡ್ಡದು ಎನ್ನುವುದೇ ಮೊದಲ ತೊಡಕು. ಪುಸ್ತಕದ ಕೋಷ್ಟಕದಲ್ಲಿ ಮರಳು, ಗೋಡು, ಜೇಡಿ ಎಂದು ಒಂದೊಂದಕ್ಕೆ ಒಂದೊಂದು ಅಂಕಿ ಇತ್ತು. ನಮ್ಮ ಕಡೆ ಅಂಗೈ ಆಳದ ಕೆಂಪು ಮಣ್ಣು, ಕೆಳಗೆ ಜಂಬಿಟ್ಟಿಗೆ ಕಲ್ಲು. ಯಾವ ಸಾಲಿಗೆ ಸೇರಿಸಲಿ? ಆದರೆ ಮಣ್ಣು ತುಂಬುವ ಹೊತ್ತು ನನಗೆ ಹುಟ್ಟಿದಾಗಿನಿಂದ ಗೊತ್ತಿತ್ತು. ಮಿರಗದ, ಅಂದರೆ ಮೃಗಶಿರಾ ನಕ್ಷತ್ರದ ಮಳೆ ಶುರುವಾದ ಮೇಲೆ ನಮ್ಮ ಮನೆಯ ಗಂಡಸರು ದಿನಾ ಮುಂಜಾನೆ ಗಾಯರಾಣಕ್ಕೆ ಹೋಗಿ ಕುರಿಯ ಹೆಜ್ಜೆ ನೋಡುತ್ತಾರೆ. ಮೊದಮೊದಲು ಬಿದ್ದ ನೀರೆಲ್ಲ ಹೆಜ್ಜೆಯೊಳಗೆ ಇಂಗಿಹೋಗುತ್ತದೆ. ಒಂದು ದಿನ ಕುರಿ ಗೊರಸು ಎತ್ತಿದ ಕೂಡಲೇ ಅದರೊಳಗೆ ನೀರು ಕೆಳಗಿನಿಂದ ಒಸರಿ ಬರುತ್ತದೆ. "ಹೆಜ್ಜಿ ತುಂಬೇತಿ" ಅನ್ನುತ್ತಾರೆ. ಮರುದಿನ ಹಿಂಡು ಬೆಳವಲದ ಕಡೆ ಹೊರಡಲೇಬೇಕು, ನಿಂತರೆ ಹಸಿಯಲ್ಲಿ ಗೊರಸು ಕೊಳೆಯುತ್ತವೆ. ದೀವಳಿಗೆ ಆದ ಮೇಲೆಯೇ ವಾಪಸ್.

ಆ ವರ್ಷ ದೀವಳಿಗೆ ಮುಗಿದು ಅಣ್ಣ ವಾಪಸ್ ಬಂದಾಗ ಹಳ್ಳಿಗೆ ಹೋಗಿ ಕೇಳಿದೆ. "ಯಣ್ಣಾ, ಬಹಳ ಮಾಡಿ ಹೆಜ್ಜಿ ಯಾವ ಮಳಿಗೆ ತುಂಬತಾವ?"

"ಆರಿದ್ರದ ನಡಕ. ಆದ್ರ ಆರಿದ್ರ, ಇಲ್ದಿದ್ರ ದರಿದ್ರ. ಯಾಕ?"

"ಲೆಕ್ಕಕ್ಕ ಬೇಕು."

ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಇಷ್ಟ ಓದಿ ಬರದು, ಕಡೀಕ ಕುರಿ ಕಾಲಿಗೇ ಬಂದು ಬಿದ್ಯಲ್ಲ ತಂಗಿ!" ವೈನಿ, ನಮ್ಮಣ್ಣನ ಹೆಂಡತಿ, ರೊಟ್ಟಿ ಬಡಿಯುತ್ತಿದ್ದವಳು ಅವಳೂ ನಕ್ಕಳು. ಆರಿದ್ರದ ನಡುವೆ ಮಣ್ಣು ತುಂಬಬೇಕಾದರೆ ಅದರ ಹೊಟ್ಟೆ ಕೋಷ್ಟಕ ಹೇಳುವುದಕ್ಕಿಂತ ಸಣ್ಣದಿರಬೇಕು. ಆ ಸಣ್ಣ ಅಂಕಿಯನ್ನೇ ಇಟ್ಟುಕೊಂಡೆ.

ಆ ಚಳಿಗಾಲದ ಮಧ್ಯಾಹ್ನಗಳು ಈಗಲೂ ಕಣ್ಣಿಗೆ ಕಟ್ಟಿದ ಹಾಗಿವೆ. ಕಾಲೇಜಿನ ಕೈತಿರುವುವ ಲೆಕ್ಕದ ಯಂತ್ರ ಕರಕರ ಅನ್ನುತ್ತಿತ್ತು. ಒಂದೊಂದು ತಿಂಗಳನ್ನು ತಿರುಗಿಸಿದಾಗಲೂ ನೆಲ ನನ್ನ ಕಣ್ಣೆದುರು ಒದ್ದೆಯಾಗುತ್ತಿತ್ತು, ಒಣಗುತ್ತಿತ್ತು. ಜುಲೈ ತಿರುಗಿಸಿದಾಗ ಕಿವಿಗೆ ಹಳ್ಳದ ಸಪ್ಪಳ ಬರುತ್ತಿತ್ತು. ಮಾರ್ಚ್ ತಿರುಗಿಸಿದಾಗ ಎದ್ದು ಹೋಗಿ ನೀರು ಕುಡಿಯುತ್ತಿದ್ದೆ.

ಸಂಕ್ರಮಣದ ಹೊತ್ತಿಗೆ ಗೆರೆ ಬಂತು. ನನ್ನ ಹತ್ತಿರ ಇದ್ದ ಮಳೆ ಮಾಪಕಗಳಲ್ಲಿ ಮುಖ್ಯವಾದದ್ದು ಕ್ಯಾಂಪಿನ ಹಳೆಯ ಬಂಗಲೆಯ ಅಂಗಳದ್ದು. ಅಲ್ಲಿ ಅಂಕಿ ಸೊನ್ನೆಗಿಂತ ಕೆಳಗೆ ಬಂತು. ಖಾನಾಪುರದ್ದು ಆಗ ಕೈಗೆ ಬಂದಿದ್ದು ಮಳೆಯ ಸಾರಾಂಶ ಮಾತ್ರ, ಅಲ್ಲಿ ಅಂಕಿ ಸೊನ್ನೆಗಿಂತ ಮೇಲೆ ಬಂತು. ಎರಡರ ನಡುವೆ ಅಳೆದು ಸೊನ್ನೆ ಗೆರೆ ಎಳೆದರೆ ಅದು ನಮ್ಮ ಗಾಯರಾಣದ ಪಡುವಣಕ್ಕೆ ಬಿತ್ತು. ಗಾಯರಾಣ ಒಣ ಬಾಜೂಕ್ಕೆ! ನನಗೆ ತಡೆಯಲಾಗಲಿಲ್ಲ, ಹಳ್ಳಿಗೆ ಓಡಿಹೋಗಿ ಹೇಳಿದೆ. ವೈನಿ ಹೋಳಿಗೆ ಮಾಡಿದಳು. ಅಣ್ಣ ಊರ ತುಂಬ ಹೇಳಿಕೊಂಡು ಬಂದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತಾರಲ್ಲ, ಹಂಗಾತು.

ಮೇ ತಿಂಗಳಲ್ಲಿ ಖಾನಾಪುರಕ್ಕೆ ಹೋದೆ, ಪೂರ್ಣ ದಾಖಲೆ ನಕಲು ಮಾಡಿಕೊಂಡು ಬರಲು. ಮಳೆ ಬರೆಯುವ ಕಾರಕೂನರು ಮರಾಠಿಯಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುವವರು. "ಕಾಯ್ ಬಾಯಿ, ಪಾವಸಾಚಾ ಹಿಶೋಬ? ಮಳೀದು ಲೆಕ್ಕಾ ಹಾಕಿ ಯಾರ ಪಾರಾಗ್ಯಾರ್ರಿ?" ಎಂದು ಚಾಷ್ಟಿ ಮಾಡಿದರು, ದಾಖಲೆ ಮಾತ್ರ ಒಂದೂ ಬಿಡದೆ ಕೊಟ್ಟರು. ಕೆಲಸ ಮುಗಿದ ಮೇಲೆ ಹಲಸಿ ಎಂಬ ಊರಿಗೆ ಹೋಗುವ ಬಸ್ಸು ನಿಂತಿತ್ತು, ಹತ್ತಿದೆ. ಯಾಕೆ ಹತ್ತಿದೆನೋ. ಅಲ್ಲಿಯ ಹಳೆಯ ಗುಡಿಯ ಕಲ್ಲು ಕಟ್ಟೆಯ ಮೇಲೆ ಕೂತಾಗ ಅಡ್ಡಮಳೆ ಬಂತು. ದಪ್ಪ ಹನಿ, ಬಿಸಿ ಕಲ್ಲಿನ ಮೇಲೆ ಬಿದ್ದದ್ದೇ ಹೊಗೆ. ಬಿದ್ದ ನೀರು ಕಲ್ಲಿನಿಂದ ನೆಲಕ್ಕೆ ಇಳಿಯುವ ಮುಂಚೆಯೇ ಮೇಲೆ ಹೋಗುತ್ತಿತ್ತು. ಇಷ್ಟು ಶತಮಾನಗಳಿಂದ ಈ ಕಲ್ಲು ಇದನ್ನು ನೋಡುತ್ತ ಕೂತಿದೆಯಲ್ಲ, ಇದಕ್ಕೆ ಯಾವ ಗೆರೆಯ ಚಿಂತೆಯೂ ಇಲ್ಲ ಅನ್ನಿಸಿತು. ಅಲ್ಲೇ ಕಂಬಕ್ಕೆ ಒರಗಿ ಒಂದು ನಿದ್ದೆ ತೆಗೆದೆ.

ವಾಪಸ್ ಬಂದು, ಮಾಪಕಗಳ ದಾಖಲೆ ನಂಬಬಹುದೇ ಎಂದು ಒಂದು ಪರೀಕ್ಷೆ ಮಾಡಿದೆ. ಸುತ್ತಲಿನ ಎಲ್ಲ ಮಾಪಕಗಳ ಮಳೆಯನ್ನು ವರ್ಷದ ಮೇಲೆ ವರ್ಷ ಕೂಡಿಸುತ್ತ ಕಾಗದದ ಒಂದು ಅಂಚಿಗೆ, ಕ್ಯಾಂಪಿನ ಮಳೆಯನ್ನು ಹಾಗೆಯೇ ಕೂಡಿಸುತ್ತ ಇನ್ನೊಂದು ಅಂಚಿಗೆ ಇಡಬೇಕು. ಎಲ್ಲ ನೆಟ್ಟಗಿದ್ದರೆ ಚುಕ್ಕೆಗಳು ಒಂದೇ ನೇರದಲ್ಲಿ ಏರುತ್ತವೆ. ನನ್ನ ಚುಕ್ಕೆಗಳು ಅರ್ಧ ದಾರಿ ನೆಟ್ಟಗೆ ಬಂದು ಅಲ್ಲಿಂದ ಮುಂದೆ ಬಾಗಿಬಿಟ್ಟವು. ಆ ವರ್ಷಗಳಿಂದ ಈಚೆಗೆ ಕ್ಯಾಂಪಿನಲ್ಲಿ ಮಾತ್ರ ಮಳೆ ಕಡಿಮೆ! ಒಂದು ಮೈಲಿ ಆಚೆ ಬೀಳುವ ಮಳೆ ಇಲ್ಲಿ ಬೀಳುವುದಿಲ್ಲ ಅಂದರೆ ಯಾರು ನಂಬುತ್ತಾರೆ?

ಕ್ಯಾಂಪಿನ ಆ ಬಂಗಲೆಗೆ ಹೋದೆ. ಹಂಚಿನ ಮಾಡು, ಉದ್ದ ವರಾಂಡಾ, ಎಲ್ಲೋ ದೂರದಲ್ಲಿ ಚರ್ಚಿನ ಗಂಟೆ. ಬಂಗಲೆ ನೋಡಿಕೊಳ್ಳುವ ಮುದುಕಿ ದಿನಾ ಮುಂಜಾನೆ ತಪ್ಪದೆ ಮಳೆ ಅಳೆಯುವವಳು. ಮಾಪಕ ಥಳಥಳ ಹೊಳೆಯುವಂತೆ ತಿಕ್ಕಿಟ್ಟಿದ್ದಳು. ಅದರ ಪಡುವಣ ಬಾಜೂಕ್ಕೆ ಒಂದು ಮಾವಿನ ಮರ, ಕೊಂಬೆಗಳು ಮಾಪಕದ ನೆತ್ತಿಯವರೆಗೆ ಚಾಚಿದ್ದವು. ಬೆಳಗಾವಿಯ ಮಳೆ ಪಡುವಣದಿಂದ ಓರೆಯಾಗಿ ಬರುತ್ತದೆ. ಮರದ ಎತ್ತರದ ಎರಡರಷ್ಟು ದೂರ ಇರಬೇಕಾದ ಮಾಪಕ ಮರದ ಮಡಿಲಲ್ಲಿ ಕೂತಿತ್ತು.

"ಈ ಗಿಡಾ ಯಾವಾಗಿಂದೈತೆವ್ವಾ?"

"ಹಿಂದಿನ ಬಾಯಿಸಾಹೇಬ್ರು ಹಚ್ಚಿದ್ದರೀ. ಮಾಪ ಇಡೂವಾಗ ಇದು ನನ್ನ ಮೊಣಕಾಲಿಗಿತ್ತು. ಈಗ ನೋಡ್ರಿ! ಭಾಳ ಸಿಹಿ ಹಣ್ಣು." ಎರಡು ಹಣ್ಣು ಕೈಗೆ ಇಟ್ಟಳು.

ಖರೇನೇ ಬಹಳ ಸಿಹಿ. ಇಷ್ಟು ವರ್ಷದ ಮಳೆ ಕದ್ದು ಕುಡಿದದ್ದಲ್ಲವೇ? ಮರದ ಕೆಳಗೆ ನಿಂತು ಹಣ್ಣು ತಿನ್ನುತ್ತ ನನಗೆ ಅಳು ಬಂತು.

ಬಾಗಿದ ಚುಕ್ಕೆಗಳನ್ನು ನೆಟ್ಟಗಿದ್ದ ಭಾಗದ ನೇರಕ್ಕೆ ತಿದ್ದಿ ಮತ್ತೆ ಲೆಕ್ಕ ಹಾಕಿದೆ. ಬೆಳಗಾವಿ ಸೊನ್ನೆಗಿಂತ ಕೂದಲೆಳೆಯಷ್ಟು ಮೇಲೆ ಹೋಯಿತು. ಗೆರೆ ಕ್ಯಾಂಪನ್ನು ದಾಟಿ ಊರಿನ ಮೂಡಣ ಅಂಚಿಗೆ ಹೋಗಿ ನಿಂತಿತು. ಗಾಯರಾಣ ಪೂರಾ ಹಸಿ ಬಾಜೂಕ್ಕೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮಿರಗದ ಮೊದಲ ಮಳೆ ಬಿದ್ದಿತ್ತು. ಅಣ್ಣನ ಮನೆಗೆ ಹೋಗಿ ಇದ್ದದ್ದು ಇದ್ದಂತೆ ಹೇಳಿದೆ. ಅಣ್ಣ ಕೋಲು ಗೋಡೆಗೆ ಒರಗಿಸಿ ನನ್ನ ಕಡೆ ತಿರುಗಿದ.

"ಗೆರಿ ಎಳಿಯಾಕಿ ನೀನ. ಪೆನ್ಸಿಲ್ ನಿನ್ನ ಕೈಯಾಗ ಐತಿ. ಮೊದಲಿದ್ದಲ್ಲೇ ಇರಲಿ ಬಿಡು. ಆಕಾಶ ಕಳಚಿ ಬೀಳತೈತೇನು?"

"ಮಳಿ ಬಿದ್ದಲ್ಲೆ ಬಿದ್ದೈತಿ ಯಣ್ಣಾ. ನಾ ಹೆಂಗ ಸರಸ್ಲಿ?"

"ಮಾವಿನ ಗಿಡ ಸರಿಸಿತ್ತಲ್ಲ?"

"ಮಾವಿನ ಗಿಡಕ್ಕ ಗೊತ್ತಿರಲಿಲ್ಲ. ನನಗ ಗೊತ್ತೈತಿ."

"ಅಂದ್ರ ಅಣ್ಣಗಿಂತ ಲೆಕ್ಕಾನ ಹೆಚ್ಚಾತೇನು ನಿನಗ?" ಎಂದ. ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ವೈನಿ ನನ್ನ ಮುಂದೆ ಚಹಾ ಇಟ್ಟಳು, ಮುಖ ನೋಡಲಿಲ್ಲ. ಆರಿದ್ರದಲ್ಲಿ ಹಿಂಡು ಬೆಳವಲಕ್ಕೆ ಹೊರಟಿತು. ಪ್ರತಿ ವರ್ಷ ಹೊರಡುವಾಗ ಬೆಳಗಾವಿಯ ನನ್ನ ಮನೆ ಮುಂದೆ ಹಾದು ಹೇಳಿ ಹೋಗುತ್ತಿದ್ದವನು ಆ ವರ್ಷ ಬೇರೆ ದಾರಿ ಹಿಡಿದ.

ಶ್ರಾವಣದ ಒಂದು ಮುಂಜಾನೆ ಬಸ್ಸು ಹತ್ತಿ ಒಬ್ಬಳೇ ಗಾಯರಾಣಕ್ಕೆ ಹೋದೆ. ಮೋಡ ನೆಲದ ಮೇಲೇ ಕೂತಿತ್ತು. ಹುಲ್ಲು ಮೊಣಕಾಲುದ್ದ, ಕಾಲಿಟ್ಟಲ್ಲೆಲ್ಲ ನೀರು. ಚಪ್ಪಲಿ ಕೈಯಲ್ಲಿ ಹಿಡಿದು ನಿಂತೆ. ಇಷ್ಟು ತೊಯ್ದ ನೆಲಕ್ಕೆ ಹಸಿ ಅನ್ನದೆ ಮತ್ತೇನು ಅನ್ನಲಿ? ಲೆಕ್ಕ ಖರೇ ಇತ್ತು. ಆದರೆ ಏನೋ ಇಲ್ಲ, ಏನೋ ಇಲ್ಲ ಅನ್ನಿಸುತ್ತಲೇ ಇತ್ತು. ಎಷ್ಟೋ ಹೊತ್ತಿನ ಮೇಲೆ ಹೊಳೆಯಿತು. ಕುರಿ ಇರಲಿಲ್ಲ.

ಹುಟ್ಟಿದಾಗಿನಿಂದ ನೋಡಿದ್ದು ಆಗ ಕಣ್ಣಿಗೆ ಬಿತ್ತು. ಈ ನೆಲ ಹಸಿ ಇದ್ದಾಗ ನಮ್ಮವರು ಇಲ್ಲಿ ಇರುವುದೇ ಇಲ್ಲ. ನಮ್ಮವರು ಇದ್ದಾಗ ಇದು ಹಸಿ ಇರುವುದೇ ಇಲ್ಲ. ಒಂದೇ ನೆಲದ ಮೇಲೆ ಎರಡು ಹವೆ ಪಾಳಿಯ ಮೇಲೆ ಬಂದು ಹೋಗುತ್ತವೆ. ನಾನು ಎರಡನ್ನೂ ಕಲಸಿ ಒಂದು ಸರಾಸರಿ ವರ್ಷ ಮಾಡಿದ್ದೆ. ಕಾಗದದ ಮೇಲಿನ ಆ ವರ್ಷದಲ್ಲಿ ಕುರಿಯೂ ಬಾಳುವುದಿಲ್ಲ, ಗಿಡವೂ ಬಾಳುವುದಿಲ್ಲ.

ಹವೆಯ ವರ್ಗೀಕರಣದಲ್ಲಿ ಮೊದಲು ಒಂದು ದೊಡ್ಡ ಅಕ್ಷರ ಬರುತ್ತದೆ, ಹಸಿಯೋ ಒಣವೋ ಎಂದು ಹೇಳುವುದು. ಅದರ ಹಿಂದೆ ಒಂದು ಸಣ್ಣ ಅಕ್ಷರ, ಒಣ ಕಾಲದ ಕೊರತೆ ಎಷ್ಟು ಕಠಿಣ ಎನ್ನುವುದಕ್ಕೆ. ಎಲ್ಲರೂ ದೊಡ್ಡದನ್ನು ಓದುತ್ತಾರೆ. ನಾನೂ ದೊಡ್ಡದನ್ನೇ ಸರಿಮಾಡುತ್ತ ಕೂತಿದ್ದೆ. ನಮ್ಮ ಕಡೆಯ ಸಣ್ಣ ಅಕ್ಷರ ಇದ್ದದ್ದರಲ್ಲೇ ಅತಿ ಕಠಿಣದ್ದು.

ತಿಂಗಳುಗಳ ಬದಲು ಮಳೆ ನಕ್ಷತ್ರಗಳ ಪ್ರಕಾರ ಲೆಕ್ಕವನ್ನೆಲ್ಲ ಮೊದಲಿನಿಂದ ಹಾಕಿದೆ. ಜೂನ್ ಅಂದರೆ ಅರ್ಧ ಧೂಳು, ಅರ್ಧ ರಾಡಿ. ಮಿರಗ ಬೇರೆ, ಆರಿದ್ರ ಬೇರೆ. ಅಶ್ವಿನಿಯಿಂದ ರೇವತಿಯವರೆಗೆ ಒಂದೊಂದಕ್ಕೂ ಒಂದು ಮನೆ ಬರೆದು, ಹೆಚ್ಚಳ ಇದ್ದ ಮನೆಗೆ ನೀಲಿ, ಕೊರತೆ ಇದ್ದ ಮನೆಗೆ ಕಾವಿ ಬಣ್ಣ ತುಂಬಿದೆ. ನಡುವೆ ಒಂದು ನೀಲಿ ಪಟ್ಟಿ, ಉಳಿದದ್ದು ಹೆಚ್ಚಿನಂಶ ಕಾವಿಯೇ. ಗೆರೆಯನ್ನು ಒಂದು ಕೂದಲೂ ಸರಿಸಲಿಲ್ಲ. ಆದರೆ ನಕಾಶೆಯ ಮೇಲೆ ಸಣ್ಣ ಅಕ್ಷರವನ್ನು ದೊಡ್ಡದರಷ್ಟೇ ದೊಡ್ಡದಾಗಿ ಬರೆದೆ.

"ಇದೇನ್ರಿ ಬಾಯಾರ, ಸಣ್ಣ ಅಕ್ಷರಕ್ಕ ಮೈ ಬಂದೈತಿ?" ಎಂದರು ಸಾಹೇಬರು.

"ವರ್ಷದಾಗ ಹೆಚ್ಚಿಗಿ ತಿಂಗಳ ಆಳೂ ಅಕ್ಷರಾ ಅದರೀ. ಅದ್ಯಾಕ ಸಣ್ಣದಿರಬೇಕು?"

"ಹಾವೂ ಸಾಯಬೇಕು, ಕೋಲೂ ಮುರೀಬಾರದು ಅಂತೀರಿ."

"ಗೆರಿ ನಮ್ಮಣ್ಣನ ಕುತ್ತಿಗಿ ಮ್ಯಾಲ ಎಳದೀನ್ರಿ, ಇನ್ನ ಯಾವ ಹಾವು ಹೇಳ್ತೀರಿ?" ನನ್ನ ದನಿ ಏರಿತು. "ಶಿವರಾತ್ರಿ ಆದಮ್ಯಾಲ ಒಂದ ಸರ್ತಿ ಬಂದು ನೋಡ್ರಿ. ಆಮ್ಯಾಲ ನಿಮ್ಮ ಮನಸ್ಸಿಗೆ ಬಂದಂಗ ಮಾಡ್ರಿ."

ಸಾಹೇಬರು ದೊಡ್ಡ ಮನುಷ್ಯರು, ಶಿವರಾತ್ರಿಯ ನಂತರ ಜೀಪು ತಂದರು. ಶ್ರಾವಣದಲ್ಲಿ ನಾನು ಚಪ್ಪಲಿ ಕೈಯಲ್ಲಿ ಹಿಡಿದಿದ್ದ ನೆಲ ಈಗ ಕಾದ ಹೆಂಚು. ಹುಲ್ಲಿನ ಬುಡ ಮಾತ್ರ ಉಳಿದಿತ್ತು, ಕುರಿಗಳು ಅದನ್ನೇ ಕೆರೆದು ತಿನ್ನುತ್ತಿದ್ದವು. ಸಾಹೇಬರು ಒಂದು ಹೆಂಟೆ ಎತ್ತಿ ಒತ್ತಿದರು, ಹಿಟ್ಟಾಯಿತು.

"ನೀಲಗಿರಿಗೆ ಮಳಿಗಾಲದಾಗಷ್ಟ ನೀರಡಿಕಿ ಆಗತೈತೇನ್ರಿ?" ಎಂದು ಕೇಳಿದೆ. ಅವರು ದೂರದಲ್ಲಿ ಕೋಲಿಗೆ ಗದ್ದ ಊರಿ ನಿಂತಿದ್ದ ಅಣ್ಣನನ್ನು ಕರೆದು, "ಮಳಿಗಾಲದಾಗ ಇಲ್ಲಿ ಏನ ಮಾಡತಿಪಾ?" ಅಂದರು.

"ಇರಂಗಿಲ್ರಿ. ಆವಾಗ ಈ ನೆಲಾ ನಮ್ಮದಲ್ಲರಿ, ನೀರಿಂದು."

ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಸಾಹೇಬರು ನೀಲಿ ಪಟ್ಟಿಯ ಹಾಳೆಯನ್ನು ಜೀಪಿನ ಮುಂಭಾಗದ ಮೇಲೆ ಹಾಸಿ, ಬಹಳ ಹೊತ್ತು ಬೆರಳಾಡಿಸುತ್ತ ನಿಂತರು.

ಕಡೆಗೆ ಸಾಹೇಬರು ಗಾಯರಾಣವನ್ನು ಇಬ್ಭಾಗ ಮಾಡಿದರು, ಮೇಲಿನ ಓರೆಗೆ ನೀಲಗಿರಿ ಬಂತು. ಹಳ್ಳದ ಬಾಜೂಕ್ಕಿನ ತಗ್ಗು ನೆಲ ಕುರಿಗಳಿಗೆ ಉಳಿಯಿತು. ಅರ್ಧ ಹೋಯಿತು ಅನ್ನಿ, ಅರ್ಧ ಉಳಿಯಿತು ಅನ್ನಿ. ಹಿಂಡು ಸಣ್ಣದಾದರೂ ಹಿಂಡು ಇದ್ದೇ ಇತ್ತು. ಹಬ್ಬಕ್ಕೆ ಹೋದರೆ ಅಣ್ಣ ಊಟಕ್ಕೆ ಕೂತಲ್ಲಿಂದ ಬೇಗ ಏಳುತ್ತಿದ್ದ. ವೈನಿ ಮಾತ್ರ, "ಅವರದು ಕುರಿ ಸಿಟ್ಟು, ಹಿಡದ್ರ ಬಿಡಂಗಿಲ್ಲ" ಎಂದು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಲೆಕ್ಕ ಸರಿ ಇದ್ದರೆ ಸಂಕಟ ಆಗುವುದಿಲ್ಲ ಎಂದು ಯಾರು ಹೇಳಿದವರು?

ಮತ್ತೆ ಮಿರಗ ಬಂತು, ಹೋಯಿತು. ಆರಿದ್ರ ಶುರುವಾಗಿ ನಾಲ್ಕಾರು ದಿನ ಆಗಿರಬೇಕು. ಆಗ ನನ್ನ ಬಾಡಿಗೆ ಮನೆ ಆಟೋ ನಗರದ ಅಂಚಿಗಿತ್ತು. ಮುಂಜಾನೆ ಗ್ಯಾರೇಜುಗಳ ಬಾಗಿಲು ಒಂದೊಂದೇ ತೆರೆಯುವ ಹೊತ್ತು, ಜಿಟಿಜಿಟಿ ಹತ್ತಿತ್ತು. ಅಂಗಳ ಕಸ ಹೊಡೆಯುತ್ತಿದ್ದವಳಿಗೆ ಲಾರಿಗಳ ಹಾರ್ನಿನ ನಡುವೆ ಕುರಿಯ ಸಪ್ಪಳ ಕೇಳಿಸಿತು. ಕನಸು ಅಂದುಕೊಂಡೆ. ತೊಯ್ದ ಉಣ್ಣೆಯ ವಾಸನೆ ಬಂದಾಗ ಕನಸಲ್ಲ ಎಂದು ಗೊತ್ತಾಯಿತು.

ಹಿಂಡು ರಸ್ತೆ ತುಂಬಿ ಬರುತ್ತಿತ್ತು, ಮೆಕ್ಯಾನಿಕರು ನಟ್ಟು ತಿರುವುವ ಪಾನಾ ಹಿಡಿದು ನಿಂತು ನೋಡುತ್ತಿದ್ದರು. ಕಂಬಳಿಯ ಕೊಪ್ಪೆ ಹೊದ್ದ ಅಣ್ಣ ಎಲ್ಲಕ್ಕಿಂತ ಹಿಂದೆ. ನನ್ನ ಮನೆಯ ಮುಂದೆ ಬಂದು ನಿಂತ. ನಾನು ಕಸಬರಿಗೆ ಹಿಡಿದೇ ನಿಂತಿದ್ದೆ. ಅವನು ಕುರಿಗಳ ಕಡೆಯೇ ನೋಡುತ್ತ ಕೋಲು ನೆಲಕ್ಕೆ ಊರಿದ.

"ನಿನ್ನೆ ಮುಂಜಾನೆ ಹೆಜ್ಜಿ ತುಂಬೇತಿ," ಅಂದ. "ಬರಕೋ."